ಬೆಲ್ಲದ ಚೂರು, ತಂಬಿಗೆ ನೀರು

ವೈಶಾಖದ ನಡುಹಗಲು. ಬಿಸಿಲಿನಲ್ಲಿ ನಡೆದುಬಂದ ನೆಂಟರು ಕೈಕಾಲು ತೊಳೆದು ಪಡಸಾಲೆಯಲ್ಲಿ ಕುಳಿತೊಡನೆ ಮನೆಯೊಡತಿ ಅವರ ಮುಂದಿರಿಸುವುದು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು. ಯೋಗಕ್ಷೇಮದ ಮಾತೆಲ್ಲ ಆಮೇಲೆ. ಉತ್ತರ ಕರ್ನಾಟಕದ ಈ ಹಳೆಯ ಸಂಪ್ರದಾಯಕ್ಕೆ ಮಹಾಲಿಂಗಪುರದಲ್ಲಿ ವಿಶೇಷ ಶೋಭೆಯುಂಟು. ಘಟಪ್ರಭೆ ಮತ್ತು ಕೃಷ್ಣೆಯರ ನಡುವಣ ಕಬ್ಬಿನ ಸೀಮೆಯಲ್ಲಿರುವ ಈ ಊರು ಬೆಲ್ಲದ ಪೇಟೆಯೆಂದೂ ನೇಕಾರರ ಊರೆಂದೂ ಹೆಸರಾಗಿದೆ.

ಇಂದು ಅನೇಕ ಮನೆಗಳಲ್ಲಿ ಆ ತಂಬಿಗೆಯ ಸ್ಥಾನಕ್ಕೆ ಚಹದ ಬಟ್ಟಲು ಬಂದಿದೆ. ಚಹದಲ್ಲಿಯೂ ನೀರಿದೆ, ನಿಜ. ಆದರೆ ಬಂದವರ ದೇಹ ಮೊದಲು ಏನನ್ನು ಬೇಡುತ್ತದೆಯೆಂಬುದನ್ನು ಹಿರಿಯರು ಅರಿತಿದ್ದರು. ಆ ಅರಿವನ್ನು ಮರೆಯುವುದು ಹಿತವೆ?

ದೇಹವೆಂಬ ಹರವಿ

ವಯಸ್ಕರ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರು. ಹಸುಗೂಸಿನಲ್ಲಿ ಅದು ಮುಕ್ಕಾಲು ಪಾಲಿನಷ್ಟಿರುತ್ತದೆ. ಸುಮ್ಮನೆ ಕುಳಿತಿದ್ದರೂ ಉಸಿರಿನ ಮೂಲಕ, ಚರ್ಮದ ಮೂಲಕ ದಿನಕ್ಕೆ ಸುಮಾರು ಮುಕ್ಕಾಲು ಲೀಟರು ನೀರು ಕಣ್ಣಿಗೆ ಕಾಣದಂತೆ ಹೊರಹೋಗುತ್ತದೆ. ಮೂತ್ರದ ಲೆಕ್ಕ ಬೇರೆ. ಬಿಸಿಲಿನಲ್ಲಿ ದುಡಿಯುವವರ ಬೆವರಂತೂ ತಾಸಿಗೆ ಒಂದು ಲೀಟರನ್ನು ಮೀರಬಹುದು.

ಈ ಬೆವರು ವ್ಯರ್ಥವಲ್ಲ. ಮಣ್ಣಿನ ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗಿ ಹೋಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಅದರಿಂದಲೇ ಹರವಿಯ ನೀರು ತಂಪು. ದೇಹವೂ ಹೀಗೆಯೇ ತನ್ನನ್ನು ತಂಪಾಗಿರಿಸಿಕೊಳ್ಳುತ್ತದೆ. ಆದರೆ ಬರಿದಾಗುತ್ತ ಬಂದ ಹರವಿ ಜಿನುಗುವುದೆಂತು? ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು ನೀರು ಕಳೆದುಹೋದರೆ ಸಾಕು, ಕೆಲಸದ ಶಕ್ತಿಯೂ ಗಮನವೂ ಕುಗ್ಗತೊಡಗುತ್ತವೆ. ದಿನದಿನವೂ ನೀರು ಕಡಿಮೆಯಾದರೆ ಮಲಬದ್ಧತೆ ಕಾಡುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಸಂಭವವೂ ಹೆಚ್ಚುತ್ತದೆ.

ಕಬ್ಬಿನ ಗಾಣದಲ್ಲಿ ಕುದಿಯುವ ಕೊಪ್ಪರಿಗೆಯ ಬಳಿ ನಿಂತವರಿಗೆ ಚಳಿಗಾಲದಲ್ಲಿಯೂ ಬೇಸಿಗೆಯೇ. ಇಂಥ ದುಡಿಮೆಯಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಬೇಕು. ಒಮ್ಮೆಲೇ ತಂಬಿಗೆಗಟ್ಟಲೆ ಸುರಿದುಕೊಳ್ಳುವುದು ತರವಲ್ಲ. ಬೆವರಿನೊಡನೆ ಉಪ್ಪೂ ಹೋಗಿರುತ್ತದೆ. ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿನ ಉಪ್ಪು ತೆಳುವಾಗಿ ಅಪಾಯವಾದೀತು. ಊಟದ ಜೊತೆಗೆ ಉಪ್ಪು ಬೆರೆಸಿದ ಮಜ್ಜಿಗೆ, ಜೋಳದ ಅಂಬಲಿ ಇಲ್ಲಿ ಒದಗಿಬರುತ್ತವೆ.

ಸಿಹಿಯ ಗುಟ್ಟು

ನೀರಿನ ಜೊತೆಗೆ ಬೆಲ್ಲವೇಕೆ? ಸಣ್ಣ ಕರುಳಿನಲ್ಲಿ ಸಕ್ಕರೆಯ ಅಂಶವೂ ಉಪ್ಪಿನ ಅಂಶವೂ ಕೈ ಹಿಡಿದುಕೊಂಡೇ ಒಳಗೆ ಹೋಗುತ್ತವೆ. ಅವುಗಳ ಬೆನ್ನ ಹಿಂದೆ ನೀರು ಸೇರುತ್ತದೆ. ಈ ರಹಸ್ಯವನ್ನು ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ವಿವರಿಸಿದರು.

1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಬನಗಾಂವದ ಶಿಬಿರದಲ್ಲಿ ರಕ್ತನಾಳಕ್ಕೆ ಏರಿಸುವ ದ್ರವ ತೀರುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸು, ಉಪ್ಪು, ಸೋಡಾಗಳನ್ನು ನೀರಿನಲ್ಲಿ ಕಲಸಿ ರೋಗಿಗಳಿಗೆ ಕುಡಿಸುವ ಧೈರ್ಯ ಮಾಡಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಔಷಧದ ಅಂಗಡಿಗಳಲ್ಲಿ ಇಂದು ದೊರೆಯುವ ಓ.ಆರ್.ಎಸ್. ಪೊಟ್ಟಣದ ಹಿಂದೆ ಈ ಕಥೆಯಿದೆ. 2023ರಲ್ಲಿ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತು ಗೌರವಿಸಿತು.

ಹಾಗೆಂದು ಬೆಲ್ಲ-ನೀರೇ ಆ ಔಷಧವೆಂದು ಭಾವಿಸಬಾರದು. ವಾಂತಿಭೇದಿಯಾದಾಗ ಓ.ಆರ್.ಎಸ್. ಪೊಟ್ಟಣವೇ ಉತ್ತಮ. ಅದು ದೊರೆಯದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಚಹದ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಿ, ವೈದ್ಯರನ್ನು ಕಾಣುವವರೆಗೆ ಗುಟುಕು ಗುಟುಕಾಗಿ ಕುಡಿಸಬಹುದು. ಅಳತೆ ತಪ್ಪಬಾರದು. ಮಧುಮೇಹವಿದ್ದವರಿಗೆ ನಿತ್ಯದ ಆತಿಥ್ಯದಲ್ಲಿ ಬೆಲ್ಲಕ್ಕಿಂತ ಮಜ್ಜಿಗೆ ಲೇಸು.

ನೂಲು ಮತ್ತು ಚರ್ಮ

ಒಣಗಿದ ಹತ್ತಿಯ ನೂಲು ಬೇಗ ಹರಿಯುತ್ತದೆ, ತೇವವಿರುವ ನೂಲು ಗಟ್ಟಿಯಾಗಿ ನಿಲ್ಲುತ್ತದೆ. ಇದು ನೇಕಾರರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಚರ್ಮದ ಸಂಗತಿಯೂ ಹಾಗೆಯೇ. ಅದರ ಹೊರಪದರ ಕಾಗದಕ್ಕಿಂತಲೂ ತೆಳು. ಗೋಡೆಯ ಇಟ್ಟಿಗೆಗಳ ನಡುವಣ ಗಾರೆಯಂತೆ ಅಲ್ಲಿ ಕಣಗಳ ನಡುವೆ ಜಿಡ್ಡು ತುಂಬಿಕೊಂಡು ನೀರನ್ನು ಹಿಡಿದಿಟ್ಟಿರುತ್ತದೆ. ಆ ಜಿಡ್ಡು ತೊಳೆದುಹೋದರೆ ಚರ್ಮ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ.

ಹೆಚ್ಚು ಹೆಚ್ಚು ನೀರು ಕುಡಿದರೆ ಮುಖಕಾಂತಿ ಹೆಚ್ಚುವುದೆಂಬ ಮಾತು ಬಳಕೆಯಲ್ಲಿದೆ. ದೇಹಕ್ಕೆ ನೀರಿನ ಕೊರತೆಯಿದ್ದರೆ ಚರ್ಮವೂ ಬಾಡುತ್ತದೆ, ನಿಜ. ಆದರೆ ಸಾಕಷ್ಟು ಕುಡಿದ ಮೇಲೆಯೂ ಮತ್ತೆ ಮತ್ತೆ ಕುಡಿದರೆ ಚರ್ಮಕ್ಕೆ ವಿಶೇಷ ಲಾಭವಿಲ್ಲ. ಇರುವ ನೀರನ್ನು ಕಾಯ್ದುಕೊಳ್ಳುವುದೇ ಅಲ್ಲಿ ಮುಖ್ಯ. ಸುಡುವ ನೀರಿನ ಬದಲು ಉಗುರುಬೆಚ್ಚಗಿನ ನೀರಿನ ಸ್ನಾನ, ಮಿತವಾದ ಸಾಬೂನು, ಮೈಯನ್ನು ಉಜ್ಜದೆ ಒತ್ತಿ ಒರೆಸಿ, ಪಸೆ ಆರುವ ಮೊದಲೇ ತುಸು ಕೊಬ್ಬರಿ ಎಣ್ಣೆಯ ಲೇಪ: ಇಷ್ಟೇ ಸಾಕು.

ಮನೆಯವರ ಹೊಣೆ

ಸಾಧಾರಣ ದಿನಗಳಲ್ಲಿ ವಯಸ್ಕರಿಗೆ ಎರಡರಿಂದ ಎರಡೂವರೆ ಲೀಟರಿನಷ್ಟು ಪಾನೀಯ ಸಾಕಾದೀತು. ಬೇಸಿಗೆಯಲ್ಲಿ, ದುಡಿಮೆಯಲ್ಲಿ ಹೆಚ್ಚು ಬೇಕು. ಮೂತ್ರವು ತಿಳಿಹಳದಿಯಾಗಿದ್ದರೆ ಚಿಂತೆಯಿಲ್ಲ, ಗಾಢವಾದರೆ ಅದೇ ಎಚ್ಚರಿಕೆ. ಹೃದಯದ, ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

ವಯಸ್ಸಾದಂತೆ ನೀರಡಿಕೆಯ ಅರಿವು ಮಂದವಾಗುತ್ತದೆ. ಆದುದರಿಂದ ಅಜ್ಜ ಅಜ್ಜಿಯರು ಕೇಳಲೆಂದು ಕಾಯದೆ ಹೊತ್ತುಹೊತ್ತಿಗೆ ಲೋಟವನ್ನು ಅವರ ಕೈಗೆ ಕೊಡಬೇಕು. ಬಿಸಿಲಿನಲ್ಲಿ ಯಾರಾದರೂ ತಬ್ಬಿಬ್ಬಾಗಿ ಮಾತನಾಡಿದರೆ, ಮೈ ಕಾದ ಹಂಚಿನಂತಾದರೆ, ಕೂಡಲೇ ನೆರಳಿಗೆ ಒಯ್ದು ಮೈಗೆ ನೀರು ಹಾಕಿ ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಕೂಡದು.

ಇನ್ನೊಂದು ಮಾತನ್ನು ಸಂಕೋಚದಿಂದ ಮುಚ್ಚಿಡುವಂತಿಲ್ಲ. ಶುಚಿಯಾದ ಶೌಚಾಲಯವಿಲ್ಲವೆಂಬ ಕಾರಣದಿಂದ ಶಾಲೆಗೆ, ದುಡಿಮೆಗೆ ಹೋಗುವ ಎಷ್ಟೋ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಮುಟ್ಟುವುದಿಲ್ಲ. ಉರಿಮೂತ್ರ, ತಲೆನೋವುಗಳನ್ನು ಅವರು ಮೌನವಾಗಿ ಸಹಿಸುತ್ತಾರೆ. ನೀರು ಕುಡಿಯಿರೆಂದು ಅವರಿಗೆ ಉಪದೇಶಿಸುವ ಮೊದಲು ಬಾಗಿಲು ಭದ್ರವಾಗಿರುವ ಒಂದು ಶೌಚಾಲಯವನ್ನು ಒದಗಿಸಿಕೊಡುವುದು ಹಿರಿಯರ ಕರ್ತವ್ಯ.

ಬಿಸಿಲಿನಿಂದ ಬಂದ ನೆಂಟರಿಗೆ ಕೇಳದೆಯೇ ನೀರು ಕೊಡುವ ಮನೆ, ಒಳಗಿನ ಸೊಸೆಗೂ ಮಗಳಿಗೂ ಅಜ್ಜಿಗೂ ಅದೇ ಆದರವನ್ನು ತೋರಿದರೆ ಆ ತಂಬಿಗೆಯ ಸಂಪ್ರದಾಯ ಪೂರ್ಣವಾದಂತೆ.