ಉಪ್ಪುನೀರಿನಲ್ಲಿ ಬಾಳುವ ಅಣುಜೀವಿಗಳು

ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಕೆಲವು ದಿನಗಳಲ್ಲಿ ಅದು ಸುಕ್ಕುಗಟ್ಟುವುದನ್ನೂ ಜಾಡಿಯಲ್ಲಿ ನೀರು ನಿಲ್ಲುವುದನ್ನೂ ನಾವೆಲ್ಲರೂ ಕಂಡಿರುವೆವು. ಹೊರಗಿನ ಉಪ್ಪು ಮಿಡಿಯೊಳಗಿನ ನೀರನ್ನು ಸೆಳೆಯುವುದೇ ಇದಕ್ಕೆ ಕಾರಣ. ಕಣ್ಣಿಗೆ ಕಾಣದ ಅಣುಜೀವಿಗೂ ಉಪ್ಪಿನಲ್ಲಿ ಇದೇ ವಿಪತ್ತು ಒದಗುವುದು. ನೀರು ಹೊರಟು ಮೈ ಕುಗ್ಗುವುದು, ಬೆಳವಣಿಗೆ ನಿಲ್ಲುವುದು. ಆಹಾರವನ್ನು ಕೆಡಿಸುವ ಅನೇಕ ಜೀವಿಗಳು ಹೀಗೆ ಸೋಲುವುವು. ಆದರೆ ಹಾಲನ್ನು ಹುಳಿಯಾಗಿಸುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳ ಬಳಗದಲ್ಲಿ ಹಲವು ಅಲ್ಲಿಯೂ ಬಾಳುವುವು. ಅದು ಹೇಗೆಂಬುದನ್ನು ವಿಚಾರಮಾಡೋಣ.

ಉಪ್ಪಿನ ಸೆಳೆತವನ್ನು ತಡೆಯಬೇಕಾದರೆ ಮೈಯೊಳಗಿನ ದ್ರವವೂ ಸಾಂದ್ರವಾಗಬೇಕು. ಉಪ್ಪನ್ನೇ ಒಳಗೆ ತುಂಬಿಕೊಂಡರೆ ಅದರ ಸೋಡಿಯಂ ಜೀವವ್ಯಾಪಾರವನ್ನು ಕೆಡಿಸುವುದು. ಆದುದರಿಂದ ಇವು ಸೋಡಿಯಮನ್ನು ಹೊರಕ್ಕೆ ನೂಕುತ್ತ, ಮೊದಲು ಪೊಟಾಸಿಯಮನ್ನೂ ಅನಂತರ ಬೀಟೈನ್ ಮೊದಲಾದ ನಿರಪಾಯಕರ ವಸ್ತುಗಳನ್ನೂ ಒಳಗೆ ಕೂಡಿಡುವುವು. ಬೀಟ್ ಗೆಡ್ಡೆಯ ರಸದಲ್ಲಿ ಮೊದಲು ದೊರೆತುದರಿಂದ ಬೀಟೈನಿಗೆ ಆ ಹೆಸರು. ಸಾಮಾನ್ಯವಾಗಿ ಇವು ಅದನ್ನು ತಾವೇ ತಯಾರಿಸಲಾರವು. ಸುತ್ತಲಿನ ಆಹಾರದಿಂದಲೇ ಪಡೆಯಬೇಕು. ಚೀಸ್ ತಯಾರಿಕೆಯಲ್ಲಿ ಬಳಸುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಜೀವಿಯ ಹೊರಪೊರೆಯಲ್ಲಿ ಇದಕ್ಕೆಂದೇ ಒಂದು ಪ್ರೋಟೀನಿನ ಯಂತ್ರವಿರುವುದು. ಮೈಯೊಳಗಿನ ನೀರು ಕಡಮೆಯಾಗಿ ಲವಣಾಂಶ ಹೆಚ್ಚಿದೊಡನೆ ಅದು ಎಚ್ಚತ್ತು ಬೀಟೈನನ್ನು ಒಳಕ್ಕೆ ಸೆಳೆಯುವುದು. ಹೊರಟುಹೋದ ನೀರು ಅದರ ಹಿಂದೆಯೇ ಮರಳುವುದು.

ಈ ಕಾರ್ಯಕ್ಕೆಲ್ಲ ಶಕ್ತಿ ವ್ಯಯವಾಗುವುದರಿಂದ ಒಂದೊಂದು ಜಾತಿಯ ಸಹನೆಗೂ ಒಂದೊಂದು ಎಲ್ಲೆಯುಂಟು. ಜರ್ಮನಿಯವರು ಎಲೆಕೋಸನ್ನು ಹುಳಿಗೊಳಿಸುವಾಗ ಅದರ ತೂಕಕ್ಕೆ ನೂರಕ್ಕೆ ಸುಮಾರು 2ರಿಂದ 2.5 ಭಾಗ ಉಪ್ಪು ಬೆರೆಸುವರು. ಅಲ್ಲಿ ಲ್ಯೂಕೊನೊಸ್ಟಾಕ್ ಮೊದಲು ಬೆಳೆಯುವುದು; ಹುಳಿ ಏರಿದಂತೆ ಪ್ಲಾಂಟಾರಮ್ ಎಂಬುದು ಕೆಲಸವನ್ನು ಮುಗಿಸುವುದು. ಜಪಾನಿನ ಸೋಯಾ ರಸದಲ್ಲಿಯಾದರೋ, ನೂರಕ್ಕೆ ಸುಮಾರು 18 ಭಾಗ ಉಪ್ಪಿದ್ದರೂ ಟೆಟ್ರಾಜೆನೊಕಾಕಸ್ ಎಂಬುದು ಬೆಳೆಯುವುದು.

ಹೀಗೆ ತರಕಾರಿಯನ್ನು ಹುಳಿಗೊಳಿಸಿ ಕಾಪಾಡುವಲ್ಲಿ ಉಪ್ಪು ಕೆಡಿಸುವ ಜೀವಿಗಳನ್ನು ಹಿಂದಕ್ಕೆ ತಡೆದು ಉಪಕಾರಿಗಳಿಗೆ ಎಡೆಮಾಡಿಕೊಡುವುದು. ಅವು ಹುಟ್ಟಿಸುವ ಆಮ್ಲವು ಮುಂದಿನ ರಕ್ಷಣೆಯನ್ನು ವಹಿಸುವುದು. ಉಪ್ಪು ತೀರ ಕಡಮೆಯಾದರೆ ಕೆಡಿಸುವವೇ ಮುಂದಾಗುವುವು. ಮಿತಿಮೀರಿದರೆ ಉಪಕಾರಿಗಳೂ ನಿಂತು ಹುಳಿಯೇ ಬಾರದು. ರಕ್ತದ ಒತ್ತಡಕ್ಕೆ ಅಂಜಿ ಉಪ್ಪನ್ನು ತಗ್ಗಿಸುವುದು ವಿವೇಕವೇ ಸರಿ. ಆದರೆ ತಗ್ಗಿಸಬೇಕಾದುದು ಎಲೆಗೆ ಬಡಿಸಿಕೊಳ್ಳುವ ಪ್ರಮಾಣವನ್ನು. ಜಾಡಿಯ ಅಳತೆಯನ್ನು ಅಂದಾಜಿನಿಂದ ತಗ್ಗಿಸಿದರೆ ಒಂದು ಮನೆಯ ವರುಷದ ಶ್ರಮವೇ ಹಾಳಾದೀತು.