ಡಿಸ್ಕ್ ಕಾಣದಿದ್ದರೆ ಕೆಟ್ಟಿದೆ ಎಂದಲ್ಲ

ಬೋಧನಾಭ್ಯಾಸದಲ್ಲಿ ‘ಡ್ರೈವರ್’ ಪದ ವಿವರಿಸಲು ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನೇ ಬಳಸಿದೆ. ಆಂಧ್ರದ ರೈತ ತೆಲುಗಿನಲ್ಲಿ ಹೇಳಿದ್ದನ್ನು ಇಲ್ಲಿನ ದಲಾಲರಿಗೆ ತಿಳಿಸಲು ಎರಡೂ ಭಾಷೆ ಬಲ್ಲವರು ಬೇಕು. ಹಾರ್ಡ್ ಡಿಸ್ಕ್‌ಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವೆ ಡ್ರೈವರ್ ಮಾಡುವುದು ಇದನ್ನೇ. ಹಾವೇರಿ, ರಾಣೇಬೆನ್ನೂರಿನ ಮಕ್ಕಳಿಗೂ ಈ ಹೋಲಿಕೆ ಹೊಸದಲ್ಲ.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಎಎಚ್‌ಸಿಐ ಡ್ರೈವರ್ ಇರಲಿಲ್ಲ; ಎಫ್6 ಒತ್ತಿ ಫ್ಲಾಪಿಯಿಂದ ಕೊಡಬೇಕಿತ್ತು. (ಫ್ಲಾಪಿ ಎಂದರೇನೆಂದು ಹೇಳಲು ಇನ್ನೊಂದು ಪೀರಿಯಡ್ ಬೇಕು!) ಲಿನಕ್ಸ್‌ನಲ್ಲಿ ಬಹುತೇಕ ಡಿಸ್ಕ್ ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುತ್ತವೆ. ಆದರೂ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ‘ಆರ್‌ಎಸ್‌ಟಿ’ ವಿಧಾನದಲ್ಲಿದ್ದರೆ ಉಬುಂಟು ಹಾಕುವಾಗ ಅದು ಕಾಣುವುದೇ ಇಲ್ಲ. ಡಿಸ್ಕ್ ಸರಿಯಾಗಿಯೇ ಇರುತ್ತದೆ. ಭಾಷೆ ಮಾತ್ರ ಹೊಂದುತ್ತಿಲ್ಲ.

ಪರಿಹಾರ ಬಯೋಸ್‌ನಲ್ಲಿ ಎಎಚ್‌ಸಿಐಗೆ ಬದಲಿಸುವುದು. ಅಪಾಯವೂ ಇಲ್ಲೇ. ಹಾಗೆಯೇ ಬದಲಿಸಿದರೆ ಹಳೆಯ ವಿಂಡೋಸ್ ತೆರೆಯದೆ ಹೋಗಬಹುದು. ಮನೆಯ ಫೋಟೋ, ಲೆಕ್ಕಪತ್ರ ಅದರಲ್ಲೇ ಇರುತ್ತವೆ. ಆದ್ದರಿಂದ ಕಡತಗಳ ಪ್ರತಿ ತೆಗೆದು, ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಬೇಕು. ನಂತರ ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ, ಬಯೋಸ್‌ನಲ್ಲಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆಯಬೇಕು. ಆಗ ಅದು ಎಎಚ್‌ಸಿಐ ಡ್ರೈವರ್ ಹಿಡಿಯುತ್ತದೆ. ತರಗತಿಯಲ್ಲಿ ತೋರಿಸಲು ಮಾತ್ರ ಲೈವ್ ಯುಎಸ್‌ಬಿ ಸಾಕು, ಡಿಸ್ಕ್ ಮುಟ್ಟಬೇಕಿಲ್ಲ.