ಕಮಲಾಪುರದ ಬಸ್ಸು, ಕಪನೂರಿನ ಕೂಲಿ

ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯನ್ನು ಹನ್ನೆರಡು ತಿಂಗಳಿಗೆ ಗುಣಿಸಿದರೆ ವರ್ಷಕ್ಕೆ 24,000. ಉದ್ಯೋಗ ಖಾತರಿಯಡಿ 2025-26ಕ್ಕೆ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಭಾಗಿಸಿ ನೋಡಿ: ಒಬ್ಬ ಹೆಣ್ಣುಮಗಳು 65 ದಿನ ಬಿಸಿಲಲ್ಲಿ ಮಣ್ಣು ಹೊತ್ತರೆ ಬರುವಷ್ಟು ಹಣ ಅದು. ಈ ಲೆಕ್ಕ ಕೇಳಿದ ಕೂಡಲೇ ಸರ್ಕಾರ ಜನರನ್ನು ಸೋಮಾರಿ ಮಾಡುತ್ತಿದೆ ಎನ್ನುವವರಿದ್ದಾರೆ. ಆದರೆ ಎರಡು ಸಾವಿರ ಅಷ್ಟು ದೊಡ್ಡದಾಗಿ ಕಾಣುವುದು ಕೂಲಿ ಇಷ್ಟು ಸಣ್ಣದಿರುವುದರಿಂದ ಎಂಬುದನ್ನು ಅವರು ಗಮನಿಸುವುದಿಲ್ಲ.

ಈ ಮಾತು ಅರ್ಥವಾಗಲು ಕಲಬುರಗಿ–ಹುಮನಾಬಾದ್ ರಸ್ತೆಗಿಂತ ಒಳ್ಳೆಯ ಜಾಗವಿಲ್ಲ. ಬೆಳಿಗ್ಗೆ ಕಮಲಾಪುರದಿಂದ, ಮಹಾಗಾಂವ ಕ್ರಾಸಿನಿಂದ ನಗರಕ್ಕೆ ಹೊರಡುವ ಕೆಂಪು ಬಸ್ಸಿನಲ್ಲಿ ಕಾಲೇಜಿನ ಹುಡುಗಿಯರು, ಮನೆಗೆಲಸಕ್ಕೆ ಹೋಗುವವರು, ಗೌಂಡಿಗಳ ಕೈಕೆಳಗೆ ದುಡಿಯುವವರು ಒಟ್ಟಿಗೇ ನಿಂತಿರುತ್ತಾರೆ. ಒಬ್ಬರ ಹೆಗಲಿಗೆ ಪುಸ್ತಕದ ಚೀಲ, ಇನ್ನೊಬ್ಬರ ಕೈಯಲ್ಲಿ ಬುತ್ತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ದಿನವೂ ಎರಡು ಹೊತ್ತಿನ ಬಸ್ ಚಾರ್ಜು ಉಳಿದದ್ದು ನಗರದಲ್ಲಿದ್ದವರಿಗೆ ಸಣ್ಣ ಸಂಗತಿಯಾದೀತು. ದಿನಗೂಲಿಯ ಮನೆಯಲ್ಲಿ ಮಗಳನ್ನು ಪಿಯುಸಿಗೆ ಕಳಿಸಬೇಕೋ ಬೇಡವೋ ಎಂಬ ಮಾತು ಎಷ್ಟೋ ಸಲ ಆ ಚಾರ್ಜಿನ ಮೇಲೆಯೇ ನಿಲ್ಲುತ್ತಿತ್ತು. ಇನ್ನೂರು ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದೂ ಇದೇ ಕಲಬುರಗಿಯಲ್ಲಿ. ಈ ಯೋಜನೆಗಳು ಮನೆಯ ಖರ್ಚನ್ನು ತಗ್ಗಿಸಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಸ್ಸು ಇಳಿಸುವ ಜಾಗದಲ್ಲಿ ಸಿಗುವ ಕೂಲಿಯನ್ನು ಅವು ಮುಟ್ಟುವುದಿಲ್ಲ.

ನಗರ ಇನ್ನೇನು ಬಂತು ಎನ್ನುವಾಗ ಕಪನೂರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಇಲ್ಲಿ ದಾಲ್‌ಮಿಲ್ಲುಗಳಿವೆ. ತೊಗರಿಯನ್ನು ಹಸನು ಮಾಡಿ, ಎಣ್ಣೆ ಸವರಿ, ನೀರು ಚಿಮುಕಿಸಿ, ಬಯಲಲ್ಲಿ ಹರವಿ ಒಣಗಿಸಿ, ಆಮೇಲೆ ಒಡೆಯಬೇಕು. ಒಣಗಿಸುವ ಕೆಲಸಕ್ಕೆ ಕಲಬುರಗಿಯ ಬಿಸಿಲೇ ಬೇಕು. ಆ ಬಿಸಿಲಲ್ಲಿ ಕಾಳು ತಿರುವಿ ಹಾಕುವ ಆಳೂ ಬೇಕು. ಚೀಲ ಹೊರುವ ಹಮಾಲರಿಗೆ ಚೀಲದ ಲೆಕ್ಕ, ಉಳಿದವರಿಗೆ ದಿನದ ಲೆಕ್ಕ. ತೊಗರಿಯ ಆವಕ ತಗ್ಗಿದರೆ ಎರಡೂ ಲೆಕ್ಕ ತಗ್ಗುತ್ತವೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಮಾನ್ಯತೆ ಸಿಕ್ಕಿತು. ಕಮಲಾಪುರದ ಕೆಂಪು ಬಾಳೆಗೂ ಅದೇ ಮಾನ್ಯತೆ ಇದೆ. ಸಾದಾ ಬಾಳೆಗಿಂತ ತಡವಾಗಿ ಗೊನೆ ಬಿಡುವ, ಹೆಚ್ಚಿನ ದರಕ್ಕೆ ಮಾರುವ ಹಣ್ಣು ಅದು. ಬೇಳೆಗೆ ಹೆಸರು ಬಂದರೆ, ಹಣ್ಣಿಗೆ ರೇಟು ಬಂದರೆ ಸಂತೋಷವೇ. ಆದರೆ ಆ ಹೆಸರಿನ ಪಾಲು ಚೀಲ ಹೊರುವವನ ಪಗಾರದಲ್ಲಿ ಕಾಣಬೇಕೆಂದು ಯಾವ ಮಾನ್ಯತೆಯ ನಿಯಮದಲ್ಲೂ ಬರೆದಿಲ್ಲ. ಕನಿಷ್ಠ ಕೂಲಿಯನ್ನು ಕೂಡ ಕರ್ನಾಟಕ ವಲಯವಾರು ನಿಗದಿ ಮಾಡುತ್ತ ಬಂದಿದೆ: ರಾಜಧಾನಿಗೆ ಹೆಚ್ಚು, ತಾಲ್ಲೂಕಿಗೆ ಕಡಿಮೆ. ಅಡುಗೆ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ಮಾತ್ರ ಇಡೀ ರಾಜ್ಯಕ್ಕೆ ಒಂದೇ ಬೆಲೆ ಮುದ್ರಿಸಿರುತ್ತದೆ.

ಕೂಲಿ ಗಟ್ಟಿಯಾಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಇದೇ ನಗರದಲ್ಲಿ ಸಾಕ್ಷಿ ಇದೆ. ನಿಜಾಮರ ಕಾಲದಲ್ಲಿ ಶುರುವಾದ ಮೆಹಬೂಬ್ ಶಾಹಿ ಕುಲಬರ್ಗಾ ಮಿಲ್ಲನ್ನು ಎಂಎಸ್‌ಕೆ ಮಿಲ್ ಎಂದೇ ಜನ ಕರೆದರು. ಬೀದರ್ ಜಿಲ್ಲೆಯ ವರವಟ್ಟಿಯಿಂದ ರಜಾಕಾರರ ಹಾವಳಿಗೆ ಸಿಕ್ಕು ನಗರಕ್ಕೆ ಬಂದ ಒಂದು ದಲಿತ ಕುಟುಂಬಕ್ಕೆ ಆ ಮಿಲ್ಲು ಅನ್ನ ಕೊಟ್ಟಿತು. ತಂದೆ ಮಿಲ್ ಕಾರ್ಮಿಕ. ಮಗ ನೂತನ ವಿದ್ಯಾಲಯದಲ್ಲಿ ಓದಿ, ಸರ್ಕಾರಿ ಕಾಲೇಜು ಮುಗಿಸಿ, ಸೇಠ್ ಶಂಕರಲಾಲ್ ಲಾಹೋಟಿ ಕಾಲೇಜಿನಲ್ಲಿ ಕಾನೂನು ಕಲಿತು, 1969ರಲ್ಲಿ ಅದೇ ಎಂಎಸ್‌ಕೆ ಮಿಲ್ ನೌಕರರ ಸಂಘಕ್ಕೆ ಕಾನೂನು ಸಲಹೆಗಾರರಾದರು. ಆ ಮಗ ಮಲ್ಲಿಕಾರ್ಜುನ ಖರ್ಗೆ. ಅವರ ರಾಜಕೀಯದ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಾದರೂ ಇರಲಿ, ಈ ಕಥೆಯನ್ನು ಹೇಳುವಾಗ ಎಲ್ಲರೂ ಶಾಲೆಯನ್ನು ಹೊಗಳಿ ಮಿಲ್ಲನ್ನು ಮರೆಯುತ್ತಾರೆ. ತಿಂಗಳು ತಿಂಗಳು ಪಗಾರ, ಅದನ್ನು ಕೇಳಿ ಪಡೆಯಲು ಒಂದು ಸಂಘ: ಇವೆರಡು ಇದ್ದದ್ದಕ್ಕೆ ಕಾರ್ಮಿಕರ ಮಕ್ಕಳ ಓದು ನಡುವೆ ನಿಲ್ಲುವ ಭಯ ಕಡಿಮೆಯಿತ್ತು. ಮಿಲ್ಲು ಮುಚ್ಚಿ ವರ್ಷಗಳಾದವು. ಅದರ ಜಾಗದಲ್ಲಿ ಅಷ್ಟು ಜನಕ್ಕೆ ಕಾಯಂ ಪಗಾರ ಕೊಡುವ ಇನ್ನೊಂದು ಕಾರ್ಖಾನೆ ನಗರದೊಳಗೆ ಏಳಲಿಲ್ಲ. ಉಳಿದದ್ದು ದಿನಗೂಲಿ, ಇಲ್ಲವೇ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ.

ಕಾಲೇಜುಗಳೇನೋ ಎದ್ದವು. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲೇ ಇಂಜಿನಿಯರಿಂಗ್ ಕಾಲೇಜು ತೆರೆಯಿತು, 1963ರಲ್ಲಿ ವೈದ್ಯಕೀಯ ಕಾಲೇಜು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಈಗ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ. ಮೇಲ್ಮಹಡಿಗೆ ಕೊರತೆಯಿಲ್ಲ. ಕೆಳಗಿನ ಮೆಟ್ಟಿಲು ನೋಡಿ: 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 65ರ ಆಸುಪಾಸು, ಹೆಣ್ಣುಮಕ್ಕಳದು ಶೇ 55. 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲ ಸ್ಥಾನದಲ್ಲಿ ನಿಂತರೆ, ಕಲಬುರಗಿ ಶೇ 42.43 ಪಡೆದು ಕೊನೆಗೆ ನಿಂತಿತು.

ಈ ಅಂಕಿಯ ಪಕ್ಕದಲ್ಲಿ 371(ಜೆ) ಇಟ್ಟು ನೋಡಬೇಕು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಸೌಲಭ್ಯಕ್ಕಾಗಿ ಈ ಭಾಗ ದಶಕಗಳ ಕಾಲ ಹೋರಾಡಿದೆ. ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು, ಸಿ ವರ್ಗದ ನೌಕರಿಯಲ್ಲಿ ಶೇ 80, ಡಿ ವರ್ಗದಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ಅದರಿಂದ ವೈದ್ಯರಾದವರು, ಇಂಜಿನಿಯರಾದವರು ಊರೂರಲ್ಲಿ ಸಿಗುತ್ತಾರೆ. ಆದರೆ ಆ ಬಾಗಿಲು ಇರುವುದು ಹತ್ತನೇ ತರಗತಿಯ ಆಚೆ. ಪರೀಕ್ಷೆಗೆ ಕೂತ ನೂರು ಮಕ್ಕಳಲ್ಲಿ 57ಕ್ಕೂ ಹೆಚ್ಚು ಮಂದಿ ಮೊದಲ ಯತ್ನದಲ್ಲಿ ಈಚೆಯೇ ಉಳಿದರೆ, ಮೀಸಲಾತಿ ಸಿಗುವುದು ಈಗಾಗಲೇ ಒಂದಿಷ್ಟು ಮೇಲೆ ಬಂದ ಮನೆಯವರಿಗೆ. ಹಳ್ಳಿಯಲ್ಲಿ ಹುಡುಗನ ಬಗ್ಗೆ ಕೇಳಿದರೆ ‘ಸಾಲಿ ಬಿಟ್ಟಾನ್ರಿ’ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಅದರಲ್ಲಿ ದುಃಖವೂ ಉಳಿದಿಲ್ಲ. ಡಿಸೆಂಬರ್–ಜನವರಿ ತೊಗರಿ ರಾಶಿಯ ಕಾಲ. ಹತ್ತನೇ ತರಗತಿಯ ಪಾಠ ಮುಗಿಸಿ ಪರೀಕ್ಷೆಗೆ ತಯಾರಾಗುವ ಕಾಲವೂ ಅದೇ. ಹೊಲಕ್ಕೆ ಒಂದು ಕೈ ಹೆಚ್ಚು ಸಿಕ್ಕರೆ ಅಂದಿನ ಕೂಲಿಯೂ ಹೆಚ್ಚು.

ಹಾಗೆಂದು ಶಾಲೆಗೆ ಏನೂ ಮಾಡಿಲ್ಲ ಎನ್ನಲಾಗದು. ಮಧ್ಯಾಹ್ನದ ಬಿಸಿಯೂಟ ರಾಜ್ಯದಲ್ಲಿ 2002ರಲ್ಲಿ ಮೊದಲು ಬಂದದ್ದೇ ಕಲಬುರಗಿ ಸೇರಿದ ಈಶಾನ್ಯ ಜಿಲ್ಲೆಗಳಿಗೆ. ಅಕ್ಷರ ದಾಸೋಹ ಎಂಬ ಹೆಸರು ಶರಣಬಸವೇಶ್ವರರ ದಾಸೋಹದ ಊರಿಗೆ ಒಪ್ಪುವಂಥದ್ದು. ಊಟದ ಜೊತೆ ಮೊಟ್ಟೆಯೂ 2021ರ ಡಿಸೆಂಬರಿನಲ್ಲಿ ಮೊದಲು ಈ ಭಾಗದ ಮಕ್ಕಳ ತಟ್ಟೆಗೆ ಬಿತ್ತು, ವಿರೋಧದ ನಡುವೆಯೂ ಉಳಿಯಿತು. ಇನ್ನು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು: ಅಪ್ಪ ಅವ್ವ ಗುಳೆ ಹೋದರೂ ಮಗು ಓದಿಗೆ ಉಳಿಯುವ ಜಾಗ ಇವೇ. ತಾಂಡಾಗಳಲ್ಲಿ ಇವುಗಳ ಬೆಲೆ ಗೊತ್ತಿರುವಷ್ಟು ಬೆಂಗಳೂರಿನ ಕಚೇರಿಗಳಲ್ಲಿ ಗೊತ್ತಿಲ್ಲ.

ಇಷ್ಟೆಲ್ಲ ಇದ್ದೂ ಎಲ್ಲಿ ಸೋರುತ್ತಿದೆ? ನನ್ನ ಉತ್ತರ ಇದು: ಬಡತನದಿಂದ ಮೇಲೆತ್ತುವ ಏಣಿಯನ್ನು ಹಿಡಿದು ನಿಂತವರಿಗೇ ನಾವು ಕೂಲಿ ಕೊಡುತ್ತಿಲ್ಲ. 2025-26ರ ಬಜೆಟ್ಟಿನಲ್ಲಿ ಸಾವಿರ ರೂಪಾಯಿ ಏರಿಸಿದ ಮೇಲೂ ಬಿಸಿಯೂಟದ ಸಹಾಯಕ ಅಡುಗೆಯವರಿಗೆ ತಿಂಗಳಿಗೆ ಸಿಗುವುದು 4,600. ತಿಂಗಳಿಗೆ 26 ದಿನ ಹಿಡಿದರೆ ದಿನಕ್ಕೆ 177 ರೂಪಾಯಿ, ಅಂದರೆ ಉದ್ಯೋಗ ಖಾತರಿಯ ಅರ್ಧವೂ ಅಲ್ಲ. ಅದನ್ನು ಕೂಲಿ ಎನ್ನದೆ ಗೌರವಧನ ಎನ್ನುವುದರಿಂದ ಕನಿಷ್ಠ ವೇತನದ ಪ್ರಶ್ನೆ ಏಳುವುದಿಲ್ಲ. ಖಾಲಿ ಹುದ್ದೆಯ ಹೈಸ್ಕೂಲಿನಲ್ಲಿ ಗಣಿತ, ಇಂಗ್ಲಿಷ್ ಕಲಿಸುವ ಅತಿಥಿ ಶಿಕ್ಷಕರಿಗೆ 10,500 ಇತ್ತು, ಅದೇ ಬಜೆಟ್ಟಿನಲ್ಲಿ ಎರಡು ಸಾವಿರ ಏರಿತು. ಬಿ.ಎಡ್ ಮುಗಿಸಿದವರ ಪಾಡು ಇದಾದರೆ, ಓದಿದರೆ ಬಡತನ ಹೋಗುತ್ತದೆ ಎಂದು ಆ ಮೇಷ್ಟ್ರು ಹೇಳುವ ಮಾತನ್ನು ಮುಂದಿನ ಬೆಂಚಿನ ಹುಡುಗ ಹೇಗೆ ನಂಬಬೇಕು?

ರಾಜ್ಯದ ಆರ್ಥಿಕ ಸಮೀಕ್ಷೆಗಳಲ್ಲಿ ತಲಾ ಆದಾಯದ ಪಟ್ಟಿಯ ಕೊನೆಗೆ ಕಲಬುರಗಿಯ ಹೆಸರು ಬರುತ್ತದೆ, ಎಸ್‌ಎಸ್‌ಎಲ್‌ಸಿ ಪಟ್ಟಿಯಲ್ಲೂ ಹಾಗೆಯೇ. ಎರಡೂ ಒಂದೇ ಮನೆಯ ಲೆಕ್ಕ, ಇಲಾಖೆ ಮಾತ್ರ ಬೇರೆ ಬೇರೆ. ಫಲಿತಾಂಶ ಕುಸಿದಾಗ ಶಿಕ್ಷಣಾಧಿಕಾರಿಗಳನ್ನು ಕರೆಸಿ ನೋಟಿಸ್ ಕೊಡುವುದು ವಾಡಿಕೆ. ಮುಂದಿನ ಸಲ ಆ ಸಭೆಗೆ ಕಾರ್ಮಿಕ ಇಲಾಖೆಯವರನ್ನೂ ಕರೆಸಲಿ.